ಹೊರದೇಶದಲ್ಲಿ ಮುಯ್ಯಾಳು: ತೋಟದ ಕೆಲಸಕ್ಕೆ ಊಟ, ವಸತಿ – ಪದೇ ಪದೇ ಕೇಳುವ ಪ್ರಶ್ನೆಗಳು

ಮೂಡಿಗೆರೆ, ಆಲ್ದೂರು, ಬೇಲೂರು, ಸಕಲೇಶಪುರದ ಕಡೆಯ ಹುಡುಗ ಹುಡುಗಿಯರೂ ಅವರ ಮನೆಯ ಹಿರಿಯರೂ ನನ್ನನ್ನು ಮತ್ತೆ ಮತ್ತೆ ಕೇಳಿರುವ ಪ್ರಶ್ನೆಗಳಿವು. ನಾನು ಮೂಡಿಗೆರೆ ತಾಲ್ಲೂಕಿನ ಸಣ್ಣ ಕಾಫಿ ಬೆಳೆಗಾರರ ಮಗಳು. ತಾಯಿಯ ತವರು ಅರಸೀಕೆರೆ ಕಡೆ, ರಾಗಿ ತೆಂಗಿನ ಸೀಮೆ. ನೇಪಾಳದ ಬೆಟ್ಟದೂರೊಂದರಲ್ಲಿ ಐದು ವಾರ, ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಮೂರು ವಾರ ಹೀಗೆ ದುಡಿದು, ಅವರ ಮನೆಯಲ್ಲೇ ಉಂಡು ಮಲಗಿ ಬಂದಿದ್ದೇನೆ. ವೀಸಾ ನಿಯಮಗಳು ಆಗಾಗ ಬದಲಾಗುತ್ತವೆ. ಆದ್ದರಿಂದ ಇಲ್ಲಿ ಬರೆದದ್ದನ್ನು ಓದಿದ ಮೇಲೂ ಟಿಕೆಟ್ ಕೊಳ್ಳುವ ಮುನ್ನ ಆಯಾ ದೇಶದ ಸರ್ಕಾರಿ ಜಾಲತಾಣವನ್ನು ನೋಡಲೇಬೇಕು.

ಇದು ಏನು? ಸಂಬಳದ ಕೆಲಸವೇ, ಪ್ರವಾಸವೇ?

ಎರಡೂ ಅಲ್ಲ. ನೀವು ಒಂದು ರೈತ ಕುಟುಂಬದ ಮನೆಗೆ ಹೋಗುತ್ತೀರಿ. ದಿನಕ್ಕೆ ನಾಲ್ಕರಿಂದ ಆರು ಗಂಟೆ, ವಾರಕ್ಕೆ ಐದು ದಿನ ಅವರೊಂದಿಗೆ ಹೊಲ, ತೋಟ, ಕೊಟ್ಟಿಗೆಯಲ್ಲಿ ಕೆಲಸ ಮಾಡುತ್ತೀರಿ. ಅವರು ಮೂರು ಹೊತ್ತು ಊಟ ಹಾಕಿ ಮಲಗಲು ಜಾಗ ಕೊಡುತ್ತಾರೆ. ಹಣ ಯಾವ ಕಡೆಗೂ ಹೋಗುವುದಿಲ್ಲ. ಉಳಿದ ಹೊತ್ತು ನಿಮ್ಮದು.

ನಮ್ಮಲ್ಲಿ ಇದಕ್ಕೆ ಹತ್ತಿರದ ಪದವೇ ಇದೆ: ಮುಯ್ಯಾಳು. ನಾಟಿಯ ದಿನ ನಮ್ಮ ಗದ್ದೆಗೆ ನೀವು ಬನ್ನಿ, ನಿಮ್ಮ ನಾಟಿಗೆ ನಾವು ಬರುತ್ತೇವೆ, ಕೂಲಿಯ ಲೆಕ್ಕ ಬೇಡ, ಊಟ ಗದ್ದೆಯ ಮನೆಯವರದು. ಈಗ ನಾಟಿಯೇ ಕಡಿಮೆಯಾಗಿ ಮುಯ್ಯಾಳಿನ ರೂಢಿ ಬಹಳ ಊರುಗಳಲ್ಲಿ ನಿಂತುಹೋಗಿದೆ. ಆದರೂ ಅರವತ್ತು ದಾಟಿದ ಯಾರನ್ನು ಕೇಳಿದರೂ ಅದರ ಕಟ್ಟುಪಾಡುಗಳನ್ನು ಹೇಳುತ್ತಾರೆ: ಹೊತ್ತಿಗೆ ಸರಿಯಾಗಿ ಬರಬೇಕು, ಅರ್ಧಕ್ಕೆ ಎದ್ದು ಹೋಗಬಾರದು, ಬಂದವರಿಗೆ ಊಟ ಹಾಕುವಾಗ ಕೈ ಬಿಗಿ ಹಿಡಿಯಬಾರದು. ಹೊರದೇಶದ ಮನೆಯಲ್ಲಿಯೂ ಈ ಮೂರನ್ನು ನೆನಪಿಟ್ಟುಕೊಂಡರೆ ಸಾಕು.

ಇದನ್ನು ಯಾರು ಆರಂಭಿಸಿದರು?

1971ರಲ್ಲಿ ಇಂಗ್ಲೆಂಡಿನಲ್ಲಿ ಸೂ ಕೊಪರ್ಡ್ ಎಂಬ ಮಹಿಳೆ. ಲಂಡನ್ನಿನಲ್ಲಿ ಕಾರ್ಯದರ್ಶಿಯಾಗಿ ಕೆಲಸ ಮಾಡುತ್ತಿದ್ದ ಅವರಿಗೆ ವಾರಾಂತ್ಯದಲ್ಲಾದರೂ ಹಳ್ಳಿಯ ಮಣ್ಣಿನಲ್ಲಿ ಇರಬೇಕೆನ್ನಿಸಿತು. ಸಸೆಕ್ಸ್ ಪ್ರಾಂತ್ಯದ ಎಮರ್ಸನ್ ಕಾಲೇಜಿನ ತೋಟದಲ್ಲಿ ಕೆಲವರು ಕೂಡಿ ಒಂದು ವಾರಾಂತ್ಯ ದುಡಿದು ನೋಡಿದರು. ಅಲ್ಲಿಂದ ಬೆಳೆದದ್ದೇ ಇಂದಿನ ವೂಫ್ (WWOOF) ಎಂಬ ಜಾಲ. ಇದು ಸಾವಯವ ಕೃಷಿಕರ ಮನೆಗಳಿಗೆ ಮಾತ್ರ ಸೀಮಿತ. ಬಹುತೇಕ ದೇಶಗಳಲ್ಲಿ ಅದರದೇ ಪ್ರತ್ಯೇಕ ಸಂಘವಿದ್ದು, ಸದಸ್ಯತ್ವ ಶುಲ್ಕ ಕಟ್ಟಿದವರಿಗೆ ಮನೆಗಳ ಪಟ್ಟಿ ತೆರೆದುಕೊಳ್ಳುತ್ತದೆ. ವರ್ಕ್‌ಅವೇ, ಹೆಲ್ಪ್‌ಎಕ್ಸ್ ಎಂಬ ಜಾಲತಾಣಗಳಲ್ಲಿ ತೋಟದ ಜೊತೆಗೆ ವಸತಿಗೃಹ, ಮನೆಗೆಲಸ, ಮಕ್ಕಳ ಪಾಲನೆಯ ಕೆಲಸಗಳೂ ಇರುತ್ತವೆ. ಬೇಸಾಯ ಕಲಿಯಲು ಹೋಗುವವರಿಗೆ ನಾನು ವೂಫ್ ಅನ್ನೇ ಹೇಳುತ್ತೇನೆ.

ಮನೆಯಲ್ಲೇ ಹತ್ತು ಎಕರೆ ತೋಟ ಇರುವಾಗ ಅಲ್ಲಿಗೆ ಹೋಗಿ ಕೂಲಿ ಮಾಡಬೇಕೇ?

ನನ್ನ ದೊಡ್ಡಪ್ಪ ಕೇಳಿದ ಪ್ರಶ್ನೆ ಇದು. ಈಗಲೂ ಪ್ರತಿ ಮನೆಯಲ್ಲಿ ಯಾರಾದರೊಬ್ಬ ಹಿರಿಯರು ಕೇಳುತ್ತಾರೆ. ಇದಕ್ಕೆ ನಾನು ಸ್ವಲ್ಪ ಉದ್ದವಾಗಿಯೇ ಉತ್ತರಿಸಬೇಕು.

ನಾನು ಕಾಫಿ ತೋಟದಲ್ಲಿ ಹುಟ್ಟಿ ಬೆಳೆದವಳು. ಕೊಯ್ಲಿನ ದಿನಗಳಲ್ಲಿ ಸಂಜೆ ಹಣ್ಣು ಅಳೆಯುವಾಗ ತಕ್ಕಡಿಯ ಪಕ್ಕ, ತೋಟದ ಲೆಕ್ಕ ಬರೆಯುವ ರೈಟರ್ ಜೊತೆ ಪುಸ್ತಕ ಹಿಡಿದು ನಿಂತಿದ್ದೇನೆ. ಕಣದಲ್ಲಿ ಕಾಫಿ ಕೆದಕಿದ್ದೇನೆ. ಆದರೆ ಬೆಳಿಗ್ಗೆ ಎಂಟರಿಂದ ಸಂಜೆಯವರೆಗೆ ಗಿಡದ ಬುಡದಲ್ಲಿ ನಿಂತು ಒಂದು ಇಡೀ ದಿನ ಹಣ್ಣು ಕೊಯ್ದಿರಲಿಲ್ಲ. ಕೊಯ್ದ ಚೀಲವನ್ನು ತಲೆಯ ಮೇಲೆ ಹೊತ್ತು ಇಳಿಜಾರಿನಲ್ಲಿ ನಡೆದಿರಲಿಲ್ಲ. ನೇಪಾಳದಲ್ಲಿ ಮೊದಲ ವಾರ ಕಳೆದ ಮೇಲೆ, ರಾತ್ರಿ ಸೊಂಟ ನೋಯುತ್ತಾ ಮಲಗಿದ್ದಾಗ ನಮ್ಮ ಲೈನ್ ಮನೆಯ, ಅಂದರೆ ತೋಟದ ಆಳುಗಳ ಸಾಲುಮನೆಯ, ಹೆಂಗಸರು ನೆನಪಾದರು. ಅವರು ಈ ನೋವಿನಲ್ಲೇ ಎದ್ದು ಅಡುಗೆ ಮಾಡುತ್ತಿದ್ದರು, ನೀರು ಹೊರುತ್ತಿದ್ದರು. ನಾನು ಅದನ್ನು ಇಪ್ಪತ್ತು ವರ್ಷ ನೋಡುತ್ತಲೇ ಇದ್ದೆ, ಆದರೆ ಏನೂ ತಿಳಿದಿರಲಿಲ್ಲ.

ಊರಿಗೆ ಬಂದ ಮೇಲೆ ಮುಂದಿನ ಕೊಯ್ಲಿನಲ್ಲಿ ಹತ್ತು ದಿನ ಸಾಲಿನಲ್ಲಿ ನಿಂತು ಕೊಯ್ದೆ. ಆ ವರ್ಷವೇ ಅಪ್ಪನನ್ನು ಒಪ್ಪಿಸಿ ಲೈನ್ ಮನೆಗಳಿಗೆ ಬಾಗಿಲಿರುವ ಬಚ್ಚಲುಮನೆ ಮತ್ತು ಹಂಡೆ ಒಲೆ ಮಾಡಿಸಿದೆವು. ದಿನವಿಡೀ ಚಳಿಯಲ್ಲಿ ನಿಂತು ಬಂದವರಿಗೆ ಬಿಸಿನೀರು ಎಷ್ಟು ಬೇಕೆಂಬುದು ನನಗೆ ಬೇರೆಯವರ ಮನೆಯಲ್ಲಿ ದುಡಿದಾಗಲೇ ಗೊತ್ತಾದದ್ದು. ನಮ್ಮ ತೋಟದಲ್ಲಿ ನಾನು ಯಾವಾಗಲೂ ಧಣಿಯ ಮಗಳು. ಅಲ್ಲಿ ನನಗೆ ಯಾರೂ ಕತ್ತಿ ಕೊಟ್ಟು ‘ಈ ಸಾಲು ಮುಗಿಸು’ ಎನ್ನುವುದಿಲ್ಲ. ಹಾಗೆ ಹೇಳಿಸಿಕೊಳ್ಳಲು ನಾನು ಹೊರಗೆ ಹೋಗಬೇಕಾಯಿತು. ದೊಡ್ಡಪ್ಪನಿಗೂ ಇದನ್ನೇ ಹೇಳಿದೆ.

ಪ್ರವಾಸಿ ವೀಸಾದಲ್ಲಿ ಹೋಗಿ ಹೀಗೆ ದುಡಿಯಬಹುದೇ?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದೇ. ಬಹಳ ಮಂದಿ ಎಡವುವುದೂ ಇಲ್ಲಿಯೇ. ‘ಸಂಬಳ ತೆಗೆದುಕೊಳ್ಳುವುದಿಲ್ಲವಲ್ಲ, ಹಾಗಾಗಿ ಇದು ಕೆಲಸವೇ ಅಲ್ಲ’ ಎಂಬ ಮಾತನ್ನು ನಂಬಬೇಡಿ. ಅನೇಕ ದೇಶಗಳ ಕಾನೂನಿನಲ್ಲಿ ಊಟವೂ ವಸತಿಯೂ ಪ್ರತಿಫಲವೇ.

ನ್ಯೂಜಿಲೆಂಡ್‌ನಲ್ಲಿ ಊಟ, ವಸತಿಗೆ ಬದಲಾಗಿ ಮಾಡುವ ಕೆಲಸವನ್ನು ಉದ್ಯೋಗವೆಂದೇ ಎಣಿಸುತ್ತಾರೆ. ಬರಿಯ ಪ್ರವಾಸಿ ವೀಸಾ ಇದ್ದವರು ಅದನ್ನು ಮಾಡುವಂತಿಲ್ಲ. ಅಮೆರಿಕದಲ್ಲೂ ಪ್ರವಾಸಿ ವೀಸಾದ ಮೇಲೆ ಇದಕ್ಕೆ ಅವಕಾಶವಿಲ್ಲ. ಬ್ರಿಟನ್ನಿನ ಪ್ರವಾಸಿ ವೀಸಾದಲ್ಲಿ ನೋಂದಾಯಿತ ದತ್ತಿ ಸಂಸ್ಥೆಯೊಂದರಲ್ಲಿ ಒಟ್ಟು 30 ದಿನ ಮೀರದಂತೆ ಸ್ವಯಂಸೇವೆ ಮಾಡಬಹುದು. ಖಾಸಗಿ ತೋಟದಲ್ಲಿ ಊಟಕ್ಕಾಗಿ ದುಡಿಯುವುದು ಅದರೊಳಗೆ ಬರುವುದಿಲ್ಲ. ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ನಡೆಯುವ ಷೆಂಗೆನ್ ಪ್ರವಾಸಿ ವೀಸಾ 180 ದಿನಗಳಲ್ಲಿ 90 ದಿನ ಇರಲು ಬಿಡುತ್ತದೆಯೇ ಹೊರತು ಕೆಲಸಕ್ಕೆ ಪರವಾನಗಿಯಲ್ಲ. ಅಲ್ಲಿನ ಯಾವುದೇ ದೇಶಕ್ಕೆ ಹೋಗುವುದಾದರೆ ಆ ದೇಶದ ರಾಯಭಾರ ಕಚೇರಿಗೆ ನೀವು ಏನು ಮಾಡಲಿದ್ದೀರಿ ಎಂಬುದನ್ನು ಬಿಡಿಸಿ ಬರೆದು, ಬರಹದಲ್ಲೇ ಉತ್ತರ ಪಡೆದುಕೊಳ್ಳಿ. ಉತ್ತರ ಬಾರದಿದ್ದರೆ ಹೋಗಬೇಡಿ.

ಆಸ್ಟ್ರೇಲಿಯಾದ ನಿಯಮ ಸ್ವಲ್ಪ ಸಡಿಲ. ನಿಮ್ಮ ಮುಖ್ಯ ಉದ್ದೇಶ ಪ್ರವಾಸವೇ ಆಗಿದ್ದು, ಸಂಬಳವಿಲ್ಲದೆ ಮಾಡುವ ಆ ಕೆಲಸ ಇಲ್ಲವಾದರೆ ಅಲ್ಲಿನವರೊಬ್ಬರಿಗೆ ಸಂಬಳಕ್ಕೆ ಸಿಗುವಂಥದ್ದು ಅಲ್ಲದಿದ್ದರೆ, ಪ್ರವಾಸಿ ವೀಸಾದಲ್ಲಿ ಸ್ವಯಂಸೇವೆಗೆ ಅವಕಾಶವಿದೆ. ನಾನು ಮೆಲ್ಬರ್ನ್‌ನಲ್ಲಿರುವ ಅಕ್ಕನ ಮನೆಗೆ ಹೋಗಿದ್ದಾಗ ಹೀಗೆಯೇ ಒಂದು ಕುಟುಂಬದ ತರಕಾರಿ ತೋಟದಲ್ಲಿದ್ದೆ. ‘ಅಲ್ಲಿನವರ ಕೂಲಿ ಕಿತ್ತುಕೊಳ್ಳಬಾರದು’ ಎಂಬ ಈ ಷರತ್ತು ನನಗೆ ನ್ಯಾಯವಾಗಿ ಕಾಣುತ್ತದೆ. ನಮ್ಮ ತೋಟಗಳಿಗೆ ಯಾರೋ ಹೊರಗಿನವರು ಬಂದು ಊಟಕ್ಕಷ್ಟೇ ಕೊಯ್ಲು ಮಾಡಿಕೊಟ್ಟರೆ ನಮ್ಮ ಆಳುಗಳ ಗತಿ ಏನಾದೀತೆಂದು ಯೋಚಿಸಿ.

ಏಜೆಂಟರು ‘ಏರ್‌ಪೋರ್ಟ್‌ನಲ್ಲಿ ಸ್ನೇಹಿತರನ್ನು ನೋಡಲು ಬಂದೆ ಎಂದು ಹೇಳಿ’ ಎನ್ನುತ್ತಾರೆ. ಸರಿಯೇ?

ಸರಿಯಲ್ಲ. ವಲಸೆ ಅಧಿಕಾರಿಗಳು ಮೊಬೈಲ್ ತೆರೆದು ಸಂದೇಶಗಳನ್ನು ಓದಬಹುದು. ಸುಳ್ಳು ಸಿಕ್ಕಿಬಿದ್ದರೆ ಅದೇ ವಿಮಾನದಲ್ಲಿ ಹಿಂದಕ್ಕೆ ಕಳುಹಿಸುತ್ತಾರೆ. ಮುಂದೆ ಯಾವ ದೇಶದ ವೀಸಾಕ್ಕೆ ಅರ್ಜಿ ಹಾಕಿದರೂ ‘ಹಿಂದೆ ಪ್ರವೇಶ ನಿರಾಕರಿಸಿದ್ದುಂಟೇ’ ಎಂಬ ಪ್ರಶ್ನೆ ಕಾದಿರುತ್ತದೆ. ಮುಯ್ಯಾಳು ವ್ಯವಹಾರಕ್ಕೆ ಏಜೆಂಟರ ಅಗತ್ಯವೇ ಇಲ್ಲ. ತೋಟದ ಮನೆಯಲ್ಲಿ ಜಾಗ ಕೊಡಿಸುತ್ತೇವೆಂದು ಲಕ್ಷಗಟ್ಟಲೆ ಕೇಳುವವರನ್ನು ಅಲ್ಲಿಗೇ ಬಿಡಿ.

ನೇರವಾಗಿ, ಕಾನೂನುಬದ್ಧವಾಗಿ ವರ್ಷಗಟ್ಟಲೆ ಇರಲು ದಾರಿ ಇಲ್ಲವೇ?

ಎರಡು ದಾರಿಗಳಿವೆ, ಎರಡೂ ಲಾಟರಿ. ಆಸ್ಟ್ರೇಲಿಯಾ 2024ರಿಂದ ಭಾರತೀಯರಿಗೆ ವರ್ಷಕ್ಕೆ 1,000 ‘ವರ್ಕ್ ಅಂಡ್ ಹಾಲಿಡೇ’ ವೀಸಾಗಳನ್ನು ಕೊಡುತ್ತಿದೆ. ವಯಸ್ಸು 18ರಿಂದ 30. ಲಾಟರಿಗೆ ಹೆಸರು ಹಾಕಲು 25 ಆಸ್ಟ್ರೇಲಿಯನ್ ಡಾಲರ್, ಆಯ್ಕೆಯಾದ ಮೇಲೆ ವೀಸಾ ಶುಲ್ಕ ಬೇರೆ. ಕೈಯಲ್ಲಿ ಸುಮಾರು 5,000 ಡಾಲರ್ ಉಳಿತಾಯ ತೋರಿಸಬೇಕು. ಬ್ರಿಟನ್ನಿನ ‘ಯಂಗ್ ಪ್ರೊಫೆಷನಲ್ಸ್’ ಯೋಜನೆಯಲ್ಲಿ ವರ್ಷಕ್ಕೆ 3,000 ಸ್ಥಾನ, ವಯಸ್ಸು ಇದೇ, ಪದವಿ ಆಗಿರಬೇಕು, 2,530 ಪೌಂಡ್ ಉಳಿತಾಯ ಬೇಕು, ಎರಡು ವರ್ಷ ಇರಬಹುದು. ಈ ವೀಸಾಗಳಲ್ಲಿ ಸಂಬಳದ ಕೆಲಸಕ್ಕೂ ಅವಕಾಶವಿರುವುದರಿಂದ ಊಟ, ವಸತಿಗೆ ದುಡಿಯಲು ಅಂಜಿಕೆಯಿಲ್ಲ.

ಆಸ್ಟ್ರೇಲಿಯಾಕ್ಕೆ ಹೋಗುವವರು ಒಂದು ವಿಷಯ ತಿಳಿದಿರಬೇಕು. ಅಲ್ಲಿ ಎರಡನೆಯ ವರ್ಷದ ವೀಸಾ ಬೇಕಾದರೆ ಮೂರು ತಿಂಗಳು ಗೊತ್ತುಪಡಿಸಿದ ಪ್ರದೇಶಗಳಲ್ಲಿ ಕೃಷಿಯಂಥ ಕೆಲಸ ಮಾಡಿರಬೇಕು. ಅದು ಸಂಬಳದ ಕೆಲಸವೇ ಆಗಿರಬೇಕು. ಊಟ, ವಸತಿಗೆ ಮಾಡಿದ ದಿನಗಳನ್ನು 2015ರ ಡಿಸೆಂಬರ್‌ನಿಂದ ಲೆಕ್ಕಕ್ಕೆ ಹಿಡಿಯುತ್ತಿಲ್ಲ. ಸಂಬಳ ಕೊಡದೆ ಹುಡುಗ ಹುಡುಗಿಯರನ್ನು ದುಡಿಸಿಕೊಂಡು, ಕೊನೆಗೆ ಕೆಲಸ ಮಾಡಿದ್ದಕ್ಕೆ ಪುರಾವೆಯಾಗಿ ಹಾಕಬೇಕಾದ ಸಹಿಗಾಗಿ ಕಾಡಿಸುವ ತೋಟಗಳಿದ್ದುದರಿಂದ ಈ ನಿಯಮ ಬಂತು.

ಹಾಗಾದರೆ ಮೊದಲ ಸಲ ಎಲ್ಲಿಗೆ ಹೋಗುವುದು ಒಳ್ಳೆಯದು?

ನೇಪಾಳಕ್ಕೆ. ಹಾಗೆಂದಾಗ ಕೇಳಿದವರ ಮುಖ ಸ್ವಲ್ಪ ಸಪ್ಪಗಾಗುತ್ತದೆ. ಅವರ ಮನಸ್ಸಿನಲ್ಲಿ ಇಟಲಿಯ ದ್ರಾಕ್ಷಿತೋಟವೋ ಫ್ರಾನ್ಸಿನ ಲ್ಯಾವೆಂಡರ್ ಹೊಲವೋ ಇರುತ್ತದೆ. ಆದರೆ ಭಾರತೀಯರಿಗೆ ನೇಪಾಳದಷ್ಟು ಸಲೀಸಾದ ಹೊರದೇಶ ಇನ್ನೊಂದಿಲ್ಲ. 1950ರ ಶಾಂತಿ ಮತ್ತು ಸ್ನೇಹ ಒಪ್ಪಂದದಿಂದಾಗಿ ವೀಸಾ ಬೇಕಿಲ್ಲ, ಅಲ್ಲಿ ವಾಸಿಸಲು ಅಡ್ಡಿಯಿಲ್ಲ. ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಮತದಾರರ ಗುರುತಿನ ಚೀಟಿ ಇದ್ದರೆ ಆಯಿತು. ಆಧಾರ್ ಮಾತ್ರ ಹಿಡಿದು ಹೋದರೆ ವಿಮಾನ ಹತ್ತಿಸುವುದಿಲ್ಲ.

ನಾನು ಯಶವಂತಪುರದಿಂದ ರೈಲಿನಲ್ಲಿ ಗೋರಖ್‌ಪುರಕ್ಕೆ ಹೋಗಿ, ಸೋನೌಲಿಯಲ್ಲಿ ಗಡಿ ದಾಟಿ, ಬುಟ್ವಲ್, ತಾನ್ಸೆನ್ ಮೇಲೆ ಬಸ್ಸಿನಲ್ಲಿ ಗುಲ್ಮಿ ಜಿಲ್ಲೆ ತಲುಪಿದೆ. ಗುಲ್ಮಿಯನ್ನು ಆರಿಸಿಕೊಳ್ಳಲು ಕಾರಣ ಕಾಫಿ. ನಮ್ಮ ಚಂದ್ರದ್ರೋಣದ ಬೆಟ್ಟಕ್ಕೆ ಬಾಬಾಬುಡನ್ ಯೆಮನ್‌ನಿಂದ ಏಳು ಬೀಜ ತಂದರೆಂಬ ಐತಿಹ್ಯ ಎಲ್ಲರಿಗೂ ಗೊತ್ತು. ನೇಪಾಳಕ್ಕೂ ಕಾಫಿ ತಂದವರು ಒಬ್ಬ ಸಂನ್ಯಾಸಿಯೇ: ಹೀರಾ ಗಿರಿ, 1938ರಲ್ಲಿ ಬರ್ಮಾದಿಂದ ಬೀಜ ತಂದು ಗುಲ್ಮಿಯ ಆಪ್‌ಚೌರ್‌ನಲ್ಲಿ ಹಾಕಿದರು. ಇದನ್ನು ಓದಿದ ದಿನವೇ ಅಲ್ಲಿಗೆ ಹೋಗಬೇಕೆಂದು ತೀರ್ಮಾನಿಸಿದ್ದೆ.

ನಾನು ಹೋದದ್ದು ಜೂನ್ ಕೊನೆಯಲ್ಲಿ, ಕಾಫಿ ಕೊಯ್ಲಿನ ಕಾಲವಲ್ಲ. ಅವರ ಅಸಾರ್ ತಿಂಗಳು, ನಾಟಿಯ ಕಾಲ. ಅಸಾರ್ 15ರಂದು ಕೆಸರುಗದ್ದೆಯಲ್ಲಿ ಇಡೀ ಊರು ಹಾಡುತ್ತಾ ನಾಟಿ ಮಾಡಿ ಮೊಸರವಲಕ್ಕಿ ತಿನ್ನುತ್ತದೆ. ಆ ದಿನ ನನ್ನ ಮನೆಯ ಗದ್ದೆಗೆ ಅಕ್ಕಪಕ್ಕದ ಹನ್ನೊಂದು ಮಂದಿ ಬಂದಿದ್ದರು. ಕೂಲಿ ಎಷ್ಟು ಎಂದು ಕೇಳಿದೆ. ಮನೆಯ ಅಮ್ಮ ನಕ್ಕು ‘ಪರ್ಮಾ’ ಎಂದರು. ನಾಳೆ ಅವರ ಗದ್ದೆಗೆ ನಾವು ಎಂದು ಕೈಯಲ್ಲಿ ತೋರಿಸಿದರು. ಪರ್ಮಾ ಎಂದರೆ ಮುಯ್ಯಾಳು! ನನ್ನ ಅಜ್ಜಿ ಹೇಳುತ್ತಿದ್ದುದನ್ನು ನಾನು ಮೊದಲ ಸಲ ಕಣ್ಣಾರೆ ನೋಡಿದ್ದು ಅಲ್ಲಿ.

ಇನ್ನೊಂದು ಸಂತೋಷ ಮರುವಾರ ಕಾದಿತ್ತು. ಮೆಕ್ಕೆಜೋಳದ ಸಾಲುಗಳ ನಡುವೆ ‘ಕೋದೋ’ ಸಸಿ ನೆಡಬೇಕೆಂದರು. ಸಸಿ ಕೈಗೆ ಬಂದಾಗ ನೋಡಿದರೆ ನಮ್ಮ ರಾಗಿ! ರಾತ್ರಿ ಅದರ ಹಿಟ್ಟಿನಲ್ಲಿ ತೊಳಸಿದ ‘ಢಿಂಡೋ’ ಬಡಿಸಿದರು. ಅರಸೀಕೆರೆಯ ಅಜ್ಜಿಮನೆಯ ಮುದ್ದೆಗಿಂತ ಸ್ವಲ್ಪ ಮೆತ್ತಗೆ, ಅಷ್ಟೇ ವ್ಯತ್ಯಾಸ. ನಾನು ಅಗಿಯದೆ ನುಂಗಿದ್ದನ್ನು ಕಂಡು ಮನೆಯ ಮಕ್ಕಳು ಬೆರಗಾದರು, ಏಕೆಂದರೆ ಅವರೂ ಹಾಗೆಯೇ ನುಂಗುತ್ತಾರೆ.

ನನಗೆ ಕಾಫಿ, ಮೆಣಸಿನ ಕೆಲಸ ಬಿಟ್ಟರೆ ಏನೂ ಗೊತ್ತಿಲ್ಲ. ಅಲ್ಲಿ ಏನು ಮಾಡಲಿ?

ನಿಮಗೆ ಬಹಳ ಗೊತ್ತಿದೆ. ಕಾಫಿ ಗಿಡ ಸವರಿ ಕಪಾತು ಮಾಡಿದ ಕೈ ಸೇಬು, ದ್ರಾಕ್ಷಿಯ ಸವರುವಿಕೆಯನ್ನು ಬೇಗ ಹಿಡಿಯುತ್ತದೆ. ಯಾವ ರೆಂಬೆ ಇಡಬೇಕು, ಯಾವ ಚಿಗುರು ತೆಗೆಯಬೇಕು ಎಂಬ ಕಣ್ಣು ಗಿಡ ಬದಲಾದರೂ ಕೆಲಸಕ್ಕೆ ಬರುತ್ತದೆ. ಏಣಿ ಹತ್ತಿ ಮೆಣಸು ಬಿಡಿಸಿದವರಿಗೆ ಆಲಿವ್ ಕೊಯ್ಲು ಕಷ್ಟವಲ್ಲ. ಹಾಸನದ ಕಡೆ ಡೇರಿಗೆ ಹಾಲು ಹಾಕುವ ಮನೆಯವರು ಹಸುವಿನ ಹತ್ತಿರ ಹೋಗುವ ರೀತಿಯನ್ನು ನೋಡಿಯೇ ಅಲ್ಲಿನ ರೈತರು ಗುರುತಿಸುತ್ತಾರೆ.

ನಾವು ಮಳೆಗಾಲಕ್ಕೆ ಮುನ್ನ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಹೆಸರೇ ಫ್ರಾನ್ಸಿನ ಬೋರ್ಡೋ ಸೀಮೆಯದು. 1880ರ ದಶಕದಲ್ಲಿ ಅಲ್ಲಿನ ದ್ರಾಕ್ಷಿಗೆ ಬಂದ ಬೂಜು ರೋಗಕ್ಕೆ ಮೈಲುತುತ್ತ, ಸುಣ್ಣ ಬೆರೆಸಿ ಕಂಡುಕೊಂಡ ಔಷಧ ಅದು. ಇಂದಿಗೂ ಯುರೋಪಿನ ಸಾವಯವ ದ್ರಾಕ್ಷಿ ಬೆಳೆಗಾರರು ತಾಮ್ರವನ್ನು ಬಳಸುತ್ತಾರೆ. ಆದರೆ ಮಣ್ಣಿನಲ್ಲಿ ತಾಮ್ರ ಉಳಿದುಬಿಡುವುದರಿಂದ ಏಳು ವರ್ಷಗಳಲ್ಲಿ ಹೆಕ್ಟೇರಿಗೆ 28 ಕಿಲೋ ಮೀರಬಾರದೆಂಬ ಮಿತಿ ಇದೆ. ನಮ್ಮ ತೋಟದಲ್ಲಿ ವರ್ಷಕ್ಕೆ ಎಷ್ಟು ತಾಮ್ರ ಸುರಿಯುತ್ತೇವೆ ಎಂದು ಎಷ್ಟು ಮಂದಿ ಲೆಕ್ಕ ಇಟ್ಟಿದ್ದೇವೆ? ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರಕ್ಕೆ ಹೋದಾಗ ಕೇಳಬೇಕಾದ ಪ್ರಶ್ನೆ ಇದೆಂದು ನನಗೆ ಹೊಳೆದದ್ದು ಈ ಮಿತಿಯ ಬಗ್ಗೆ ಓದಿದ ಮೇಲೆ.

ಯಾವ ತಿಂಗಳಲ್ಲಿ ಹೊರಡಬೇಕು?

ನಿಮ್ಮ ತೋಟ ನಿಮ್ಮನ್ನು ಯಾವಾಗ ಬಿಡುತ್ತದೆ ಎಂಬುದರ ಮೇಲೆ. ಅರೇಬಿಕಾ ಕಾಫಿಯ ಕೊಯ್ಲು ನವೆಂಬರ್‌ನಿಂದ, ರೊಬಸ್ಟಾದ್ದು ಜನವರಿಯಿಂದ. ಎರಡೂ ಇದ್ದರೆ ಮಾರ್ಚ್‌ವರೆಗೆ ಕದಲುವಂತಿಲ್ಲ. ಆಮೇಲೆ ಹೂಮಳೆಯ, ಅಂದರೆ ಕಾಫಿ ಹೂ ಬಿಡಿಸುವ ಮಳೆಯ, ಚಿಂತೆ. ಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಹಾಕಲು ಮನೆಯಲ್ಲಿ ಆಳು ಬೇಕು. ಜೂನ್‌ನಿಂದ ಅಕ್ಟೋಬರ್ ಹೋಗಲು ಅನುಕೂಲ. ಆಗ ನೇಪಾಳದಲ್ಲಿ ನಾಟಿ, ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಯುರೋಪಿನಲ್ಲಿ ದ್ರಾಕ್ಷಿ ಕೊಯ್ಲು. ದಕ್ಷಿಣ ಗೋಳಾರ್ಧದಲ್ಲಿ ಎಲ್ಲವೂ ತಿರುವುಮುರುವು. ಆಸ್ಟ್ರೇಲಿಯಾದ ದ್ರಾಕ್ಷಿ, ಸೇಬು ಫೆಬ್ರವರಿಯಿಂದ ಏಪ್ರಿಲ್ ಸುಮಾರಿಗೆ ಬರುತ್ತವೆ.

ಹೋಗಲಿರುವ ತೋಟದ ಮನೆಯವರಿಗೆ ಮೊದಲ ಪತ್ರವನ್ನು ಹೇಗೆ ಬರೆಯಬೇಕು?

ಚಿಕ್ಕದಾಗಿ, ನಿಜವಾಗಿ. ಹತ್ತು ಮನೆಗಳಿಗೆ ಒಂದೇ ಪತ್ರ ಕಳುಹಿಸಬೇಡಿ. ಅವರ ತೋಟದ ವಿವರ ಓದಿ ಅದರಲ್ಲಿ ನಿಮಗೆ ಏಕೆ ಆಸಕ್ತಿ ಎಂದು ಎರಡು ಸಾಲು, ನಿಮ್ಮ ಮನೆಯ ಬೆಳೆ ಏನು, ನಿಮಗೆ ಯಾವ ಕೆಲಸ ಬರುತ್ತದೆ, ಯಾವುದು ಬರುವುದಿಲ್ಲ, ಯಾವ ದಿನದಿಂದ ಯಾವ ದಿನದವರೆಗೆ ಬರಬಲ್ಲಿರಿ. ಟ್ರ್ಯಾಕ್ಟರ್ ಓಡಿಸಲು ಬಾರದಿದ್ದರೆ ಬಾರದು ಎನ್ನಿ. ಬೆನ್ನುನೋವಿದ್ದರೆ ಈಗಲೇ ಹೇಳಿ. ನಿಮ್ಮ ತೋಟದಲ್ಲಿ ನೀವು ಕೆಲಸ ಮಾಡುತ್ತಿರುವ ಒಂದು ಚಿತ್ರವಿರಲಿ.

ಅವರಿಂದ ಬರಹದಲ್ಲಿ ತಿಳಿಯಬೇಕಾದದ್ದೂ ಇದೆ: ದಿನಕ್ಕೆ ಎಷ್ಟು ಗಂಟೆ, ವಾರಕ್ಕೆ ಎಷ್ಟು ದಿನ ರಜೆ, ಮಲಗುವ ಕೋಣೆ ಯಾವುದು, ಬೇರೆ ಯಾರು ಇರುತ್ತಾರೆ, ಊಟ ಅವರೊಂದಿಗೋ ನೀವೇ ಬೇಯಿಸಿಕೊಳ್ಳುವುದೋ, ಹತ್ತಿರದ ಬಸ್ ನಿಲ್ದಾಣ ಎಷ್ಟು ದೂರ. ಕೇಳಲು ಸಂಕೋಚ ಬೇಡ. ಒಳ್ಳೆಯ ಮನೆಯವರು ಇವುಗಳನ್ನು ಕೇಳಿದರೆ ಸಂತೋಷಪಡುತ್ತಾರೆ.

ಹೆಣ್ಣುಮಕ್ಕಳು ಒಬ್ಬರೇ ಹೋಗಬಹುದೇ?

ನಾನು ಒಬ್ಬಳೇ ಹೋಗಿದ್ದೆ. ಅಮ್ಮನ ಭಯವನ್ನು ನಾನು ತಳ್ಳಿಹಾಕಲಿಲ್ಲ, ಆ ಭಯವನ್ನು ಹಿಡಿದೇ ತಯಾರಿ ಮಾಡಿಕೊಂಡೆ. ಮೊದಲ ಮನೆಯನ್ನು ಗಂಡಹೆಂಡತಿ, ಮಕ್ಕಳಿರುವ ಕುಟುಂಬವನ್ನೇ ಆರಿಸಿದೆ. ಅಲ್ಲಿ ಈ ಹಿಂದೆ ಇದ್ದು ಬಂದ ಹೆಂಗಸರು ಬರೆದ ಅಭಿಪ್ರಾಯಗಳನ್ನು ಒಂದೂ ಬಿಡದೆ ಓದಿದೆ. ಹೊರಡುವ ಮುನ್ನ ವಿಡಿಯೊ ಕರೆಯಲ್ಲಿ ಮನೆಯವರೆಲ್ಲರೊಂದಿಗೆ ಮಾತನಾಡಿದೆ. ಅಮ್ಮನೂ ಪಕ್ಕದಲ್ಲಿ ಕೂತಿದ್ದರು. ಭಾಷೆ ಬಾರದಿದ್ದರೂ ಇಬ್ಬರು ತಾಯಂದಿರು ಒಬ್ಬರನ್ನೊಬ್ಬರು ನೋಡಿದರು, ಅಷ್ಟಕ್ಕೇ ಅಮ್ಮನಿಗೆ ಅರ್ಧ ಸಮಾಧಾನವಾಯಿತು.

ಒಳಗಿನಿಂದ ಚಿಲಕ ಹಾಕಬಹುದಾದ ಕೋಣೆ ಇರಲೇಬೇಕು. ವಿಳಾಸ, ದೂರವಾಣಿ ಸಂಖ್ಯೆ ಮನೆಯಲ್ಲಿ ಇಬ್ಬರ ಬಳಿ ಇರಲಿ. ಯಾವ ಹೊತ್ತಿನಲ್ಲಾದರೂ ಎದ್ದು ಹೋಗಿ ಎರಡು ರಾತ್ರಿ ಹೋಟೆಲಿನಲ್ಲಿ ಇದ್ದು ಊರಿಗೆ ಮರಳುವಷ್ಟು ಹಣವನ್ನು ಬೇರೆಯಾಗಿ ಇಟ್ಟುಕೊಳ್ಳಿ, ಅದನ್ನು ಬೇರೆ ಯಾವುದಕ್ಕೂ ಮುಟ್ಟಬೇಡಿ. ಪಾಸ್‌ಪೋರ್ಟನ್ನು ಯಾರ ಕೈಗೂ ಇಟ್ಟುಕೊಳ್ಳಲು ಕೊಡಬೇಡಿ. ಪೊಲೀಸ್ ಕರೆ ನೇಪಾಳದಲ್ಲಿ 100, ಯುರೋಪಿನ ತುರ್ತು ಸಂಖ್ಯೆ 112, ಆಸ್ಟ್ರೇಲಿಯಾದಲ್ಲಿ 000. ವಿದೇಶಾಂಗ ಸಚಿವಾಲಯದ ‘ಮದದ್’ ಜಾಲತಾಣದಲ್ಲಿಯೂ ದೂರು ದಾಖಲಿಸಬಹುದು.

ಒಪ್ಪಿದ್ದಕ್ಕಿಂತ ಹೆಚ್ಚು ದುಡಿಸಿದರೆ?

ಒಂದು ಸಲ ಮಾತನಾಡಿ. ಬದಲಾಗದಿದ್ದರೆ ಹೊರಟುಬಿಡಿ. ವಿಕ್ಟೋರಿಯಾದಲ್ಲಿ ತರಕಾರಿ ತೋಟಕ್ಕಿಂತ ಮೊದಲು ನಾನು ಹೋಗಿದ್ದ ಮನೆ ಬೇರೆ. ಐದು ಗಂಟೆ, ಹಿತ್ತಲ ತೋಟ ಎಂದು ಬರೆದಿದ್ದರು. ಹೋದರೆ ಮಾರುಕಟ್ಟೆಗೆ ಹೋಗುವ ಸೇಬಿನ ಕೊಯ್ಲು. ಬೆಳಿಗ್ಗೆ ಆರೂವರೆಯಿಂದ ಒಂಬತ್ತು ಗಂಟೆ ಕೆಲಸ, ಉಪಕರಣ ಇಡುವ ತಗಡಿನ ಶೆಡ್ಡಿನ ಮೂಲೆಯಲ್ಲಿ ಮಂಚ. ಅದು ಕೂಲಿಯಾಳು ಮಾಡಬೇಕಾದ ಕೆಲಸ, ನನ್ನ ವೀಸಾ ಅದಕ್ಕೆ ಅವಕಾಶ ಕೊಡುವುದಿಲ್ಲ ಎಂದು ಎರಡನೆಯ ದಿನ ಸಂಜೆ ಹೇಳಿದೆ. ‘ಇಲ್ಲಿಗೆ ಬಂದವರೆಲ್ಲ ಮಾಡುತ್ತಾರೆ’ ಎಂದರು. ಮೂರನೆಯ ದಿನ ಬೆಳಿಗ್ಗೆ ಬಸ್ ಹತ್ತಿದೆ. ಅಕ್ಕ ನಿಲ್ದಾಣಕ್ಕೆ ಬಂದಿದ್ದಳು.

ಹಾಗೆ ಎದ್ದು ಬರುವುದು ಅವಮಾನವಲ್ಲ. ಅರ್ಧಕ್ಕೆ ಎದ್ದು ಹೋಗಬಾರದೆಂಬುದು ಮುಯ್ಯಾಳಿನ ಕಟ್ಟುಪಾಡಾದರೂ, ಮಾತು ತಪ್ಪಿದ ಗದ್ದೆಗೆ ಅದು ಅನ್ವಯಿಸುವುದಿಲ್ಲ ಎಂದು ಅಜ್ಜಿಯೂ ಒಪ್ಪಿದ್ದರು. ಬಂದ ಮೇಲೆ ಆ ಜಾಲತಾಣದಲ್ಲಿ ನಡೆದದ್ದನ್ನು ನಡೆದ ಹಾಗೆಯೇ ಬರೆಯಿರಿ. ಮುಂದೆ ಹೋಗುವವರಿಗೆ ಬೇರೆ ರಕ್ಷಣೆ ಇಲ್ಲ.

ನಾವು ಸಸ್ಯಾಹಾರಿಗಳು. ಊಟದ ಕಥೆ?

ಮೊದಲ ಪತ್ರದಲ್ಲೇ ಹೇಳಿ. ನೇಪಾಳದಲ್ಲಿ ತೊಂದರೆಯೇ ಇಲ್ಲ, ದಿನಕ್ಕೆ ಎರಡು ಹೊತ್ತು ದಾಲ್ ಭಾತ್. ಬೇರೆಡೆ ವಾರಕ್ಕೆ ಒಂದೆರಡು ದಿನ ನಾನೇ ಅಡುಗೆ ಮಾಡುತ್ತೇನೆನ್ನಿ. ಅಕ್ಕಿ ಹಿಟ್ಟು ಎಲ್ಲ ಕಡೆ ಸಿಗುತ್ತದೆ. ನಾನು ತಟ್ಟಿದ ಅಕ್ಕಿರೊಟ್ಟಿಗೆ ಅವರ ತೋಟದ ಸಬ್ಬಸಿಗೆ ಸೊಪ್ಪು ಹಾಕಿದ್ದೆ, ಚೆನ್ನಾಗಿಯೇ ಹೊಂದಿತು.

ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ.

ಗುಲ್ಮಿಯ ಅಮ್ಮನಿಗೂ ಬರುತ್ತಿರಲಿಲ್ಲ. ಹರಕು ಹಿಂದಿ, ಕೈಸನ್ನೆ ಸಾಕಾಯಿತು. ಕತ್ತಿ, ಹಾರೆ, ಗೊಬ್ಬರ, ನೀರು, ಸಾಕು, ನೋವು, ಹಸಿವು, ಇಷ್ಟು ಪದಗಳನ್ನು ಆ ಊರಿನ ಭಾಷೆಯಲ್ಲಿ ಕಲಿತು ಹೋಗಿ.

ಒಟ್ಟು ಖರ್ಚು ಬಹಳವೇ?

ಪ್ರಯಾಣದ್ದೇ ದೊಡ್ಡ ಖರ್ಚು, ಅದನ್ನು ಯಾರೂ ಕೊಡುವುದಿಲ್ಲ. ಪಾಸ್‌ಪೋರ್ಟಿಗೆ 1,500 ರೂಪಾಯಿ. ಹಾಸನದ ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರವಿದೆ, ಬೆಂಗಳೂರಿಗೆ ಅಲೆಯಬೇಕಿಲ್ಲ. ಅದರ ಮೇಲೆ ಸದಸ್ಯತ್ವ ಶುಲ್ಕ, ವೀಸಾ, ವಿಮೆ. ಅಲ್ಲಿಗೆ ಹೋದ ಮೇಲೆ ರಜೆಯ ದಿನದ ಬಸ್, ಚಹಾ, ಸೋಪು ಇಷ್ಟೇ.

ವಿಮೆ ಮಾಡಿಸಲೇಬೇಕೇ?

ಮಾಡಿಸಲೇಬೇಕು, ಓದಿಯೂ ನೋಡಬೇಕು. ಸಾಮಾನ್ಯ ಪ್ರವಾಸ ವಿಮೆಗಳಲ್ಲಿ ದೈಹಿಕ ದುಡಿಮೆಯಲ್ಲಿ ಆದ ಗಾಯವನ್ನು ಹೊರಗಿಟ್ಟಿರುವುದುಂಟು. ಕತ್ತಿಯಲ್ಲಿ ಕೈ ಕೊಯ್ದುಕೊಂಡ ಮೇಲೆ ಆ ಸಾಲು ಓದಿ ಪ್ರಯೋಜನವಿಲ್ಲ. ಷೆಂಗೆನ್ ವೀಸಾಕ್ಕಂತೂ ಕನಿಷ್ಠ 30,000 ಯುರೋ ವೈದ್ಯಕೀಯ ವಿಮೆ ಕಡ್ಡಾಯ. ಧನುರ್ವಾಯುವಿನ ಚುಚ್ಚುಮದ್ದು ಹೊರಡುವ ಮುನ್ನವೇ ಆಗಿರಲಿ.

ಏನನ್ನು ಒಯ್ಯಬೇಕು, ಏನನ್ನು ಒಯ್ಯಬಾರದು?

ಗಟ್ಟಿ ಬೂಟು, ಕೈಗವಸು, ಮಳೆಯಂಗಿ, ತಲೆಗೆ ಟೋಪಿ. ನೇಪಾಳದ ಮಳೆಗಾಲದಲ್ಲಿ ನಮ್ಮಂತೆಯೇ ರಕ್ತ ಹೀರುವ ಇಂಬಳಗಳಿವೆ, ಅವನ್ನು ದೂರವಿಡುವ ಸುಣ್ಣ ಹೊಗೆಸೊಪ್ಪಿನ ಉಪಾಯ ಅಲ್ಲಿಯೂ ನಡೆಯುತ್ತದೆ.

ಒಯ್ಯಬಾರದ್ದರ ಬಗ್ಗೆ ಒತ್ತಿ ಹೇಳುತ್ತೇನೆ, ಏಕೆಂದರೆ ನಾವು ಬೆಳೆಗಾರರು. ಬೀಜ, ಸಸಿ, ಮಣ್ಣು, ಹಸಿ ಕಾಫಿಬೀಜ, ಹಣ್ಣು ಯಾವುದನ್ನೂ ಪ್ರೀತಿಯಿಂದ ಕೊಡಲೆಂದು ಒಯ್ಯಬೇಡಿ. ಬಾಬಾಬುಡನ್‌ರ ಕಾಲ ಮುಗಿದಿದೆ. ನ್ಯೂಜಿಲೆಂಡ್‌ನಲ್ಲಿ ಒಂದು ಸೇಬನ್ನು ಹೇಳದೆ ಒಳಗೆ ತಂದರೂ ಸ್ಥಳದಲ್ಲೇ 400 ಡಾಲರ್ ದಂಡ. ಆಸ್ಟ್ರೇಲಿಯಾದಲ್ಲಿ ಇಳಿಯುವಾಗ ಕೊಡುವ ಕಾರ್ಡಿನಲ್ಲಿ ಕಳೆದ 30 ದಿನಗಳಲ್ಲಿ ಹೊಲ, ತೋಟ, ಜಾನುವಾರುಗಳ ಸಂಪರ್ಕದಲ್ಲಿದ್ದಿರಾ ಎಂದು ಕೇಳುತ್ತಾರೆ. ನಮ್ಮ ಉತ್ತರ ‘ಹೌದು’ ಎಂದೇ ಇರಬೇಕು. ಆ ಎರಡು ದೇಶಗಳಲ್ಲಿ ಕಾಲುಬಾಯಿ ರೋಗ ಇಲ್ಲ, ನಮ್ಮಲ್ಲಿ ಇದೆ. ಕೊಟ್ಟಿಗೆಯಲ್ಲಿ ತುಳಿದ ಸಗಣಿ ಬೂಟಿನ ಅಡಿಯಲ್ಲಿ ಅಂಟಿಕೊಂಡು ಹೋದರೆ ಅಲ್ಲಿನ ರೈತರ ಸಾವಿರಾರು ದನಗಳಿಗೆ ಕುತ್ತು. ನಾನು ಬೂಟನ್ನು ಬ್ರಷ್ಷಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಿ ಒಯ್ದಿದ್ದೆ, ಆದರೂ ಅಧಿಕಾರಿ ಅಡಿಯನ್ನು ತಿರುಗಿಸಿ ನೋಡಿದರು. ಊರಿಗೆ ಬರುವಾಗಲೂ ಇದನ್ನೇ ಮಾಡಿ. ಕಾಂಡಕೊರಕ, ಕಾಯಿಕೊರಕಗಳೇ ಸಾಕಾಗಿದೆ, ಇನ್ನೊಂದು ಪೀಡೆಯನ್ನು ನಾವೇ ಹೊತ್ತು ತರಬಾರದು.

ನಮ್ಮ ತೋಟಕ್ಕೂ ಹೀಗೆ ಹೊರದೇಶದವರನ್ನು ಕರೆಸಿಕೊಳ್ಳಬಹುದೇ?

ಚಿಕ್ಕಮಗಳೂರಿನ ಹೋಮ್‌ಸ್ಟೇಯವರು ಇದನ್ನು ಹೆಚ್ಚು ಕೇಳುತ್ತಾರೆ. ಭಾರತದ ಇ-ಪ್ರವಾಸಿ ವೀಸಾದಲ್ಲಿ ಒಂದು ತಿಂಗಳು ಮೀರದ ಸ್ವಯಂಸೇವೆಗೆ ಅವಕಾಶವಿದೆ, ಆದರೆ ಅದಕ್ಕೆ ಹಣವಾಗಲೀ ಬೇರೆ ಯಾವುದೇ ರೂಪದ ಪ್ರತಿಫಲವಾಗಲೀ ಇರಬಾರದೆಂಬ ಷರತ್ತೂ ಇದೆ. ಊಟ, ವಸತಿಗೆ ಬದಲು ಕೆಲಸ ಎಂದು ಬರೆದುಕೊಂಡರೆ ಷರತ್ತಿಗೆ ತಾಗುತ್ತದೆ. ಹಾಗಾಗಿ ಅತಿಥಿಯಾಗಿ ಬಂದವರು ಇಷ್ಟಪಟ್ಟು ಒಂದು ಬೆಳಿಗ್ಗೆ ಹಣ್ಣು ಕೊಯ್ದರೆ ಸರಿ, ಕೊಯ್ಲಿಗೆಂದೇ ಕರೆಸುವುದು ಬೇಡ. ವಿದೇಶಿಯರು ಮನೆಯಲ್ಲಿ ತಂಗಿದರೆ 24 ಗಂಟೆಯೊಳಗೆ, ಹೋಮ್‌ಸ್ಟೇಯವರೆಲ್ಲ ಸಿ-ಫಾರಂ ಎಂದು ಕರೆಯುವ ಮಾಹಿತಿಯನ್ನು ಆನ್‌ಲೈನ್‌ನಲ್ಲಿ ಸಲ್ಲಿಸಬೇಕು.

ನೇಪಾಳದವರ ಮಾತು ಬೇರೆ. ಅದೇ 1950ರ ಒಪ್ಪಂದ ಈ ಕಡೆಗೂ ಅನ್ವಯಿಸುವುದರಿಂದ ಅವರಿಗೆ ಇಲ್ಲಿಗೆ ಬರಲು ವೀಸಾ ಬೇಕಿಲ್ಲ. ಗುಲ್ಮಿಯ ಮನೆಯ ಹಿರಿಯ ಮಗಳು ಈ ಜನವರಿಯಲ್ಲಿ ನಮ್ಮ ರೊಬಸ್ಟಾ ಕೊಯ್ಲಿಗೆ ಬರುತ್ತಿದ್ದಾಳೆ. ಅವರ ಗದ್ದೆಯಲ್ಲಿ ನಾನು ಐದು ವಾರ ಇದ್ದೆ, ಅವಳೂ ಐದು ವಾರ ಇರುತ್ತೇನೆಂದು ಬರೆದಿದ್ದಾಳೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ಹೇಗೆ ನಡೆಯುತ್ತದೆ, ಮೆಣಸಿನ ಬಳ್ಳಿಯನ್ನು ಮರಕ್ಕೆ ಹೇಗೆ ಕಟ್ಟುತ್ತಾರೆ ಎಂದು ನೋಡಬೇಕಂತೆ. ಅವಳಿಗೆ ನನ್ನ ಕೋಣೆಯ ಪಕ್ಕದ ಕೋಣೆಗೆ ಹೊಸ ಚಿಲಕ ಹಾಕಿಸಿದ್ದೇವೆ, ದೊಡ್ಡಪ್ಪ ಅವಳಿಗೆಂದು ಒಂದು ಹೊಸ ಕೊಯ್ಲಿನ ಬುಟ್ಟಿ ಹೆಣೆಸಿಟ್ಟಿದ್ದಾರೆ.